ಕಪ್ಪು ಉಡುಪಿನ ಆ ಮಕ್ಕಳು ಈಗ ಐವತ್ತು ದಾಟಿದ್ದಾರೆ

ಮಗ ಅಥವಾ ಮಗಳು ಕೋಣೆಯ ಬಾಗಿಲು ಹಾಕಿಕೊಂಡು ಕೇಳುವ ಸಂಗೀತ ಎಂಥದ್ದು? ಹಾಡಿನ ತುಂಬ ಸಾವು, ಕತ್ತಲೆ, ಏಕಾಂತ. ಮೈಮೇಲೆ ಕಪ್ಪು ಬಟ್ಟೆ, ಕಣ್ಣಿಗೆ ದಟ್ಟ ಕಾಡಿಗೆ, ಕೊರಳಲ್ಲಿ ದೊಡ್ಡ ಶಿಲುಬೆ. ಇದು ಬರೇ ಫ್ಯಾಶನ್ನೋ, ಮನಸ್ಸಿನ ಕಾಯಿಲೆಯೋ, ಸೈತಾನನ ಸಹವಾಸವೋ? ಧರ್ಮಕೇಂದ್ರಗಳ ಪಾಲಕರ ಸಭೆಗಳಲ್ಲಿ, ಯುವಜನರ ಶಿಬಿರಗಳಲ್ಲಿ ಇಂತಹ ಪ್ರಶ್ನೆಗಳು ಬರುವುದುಂಟು. ಉತ್ತರ ಮಾತ್ರ ಸಾಮಾನ್ಯವಾಗಿ ಆ ಸಂಗೀತವನ್ನು ಒಮ್ಮೆಯೂ ಕೇಳದವರಿಂದ ಬರುತ್ತದೆ.

'ಗಾಥ್' ಸಂಗೀತ ಮತ್ತು ಅದರ ನೆರೆಯ ಇಲೆಕ್ಟ್ರಾನಿಕ್ ಸಂಗೀತ ಹುಟ್ಟಿ ನಾಲ್ಕು ದಶಕಗಳಿಗೂ ಹೆಚ್ಚಾಯಿತು. 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ಅದನ್ನು ಕೇಳುತ್ತ ಬೆಳೆದ ಹುಡುಗ ಹುಡುಗಿಯರು ಈಗ ಐವತ್ತು ದಾಟಿದ್ದಾರೆ. ಅವರಲ್ಲಿ ಹಲವರು ತಮ್ಮ ಹರೆಯದ ನೆನಪುಗಳನ್ನು ಪುಸ್ತಕಗಳಲ್ಲಿ, ಸಾಕ್ಷ್ಯಚಿತ್ರಗಳಲ್ಲಿ ಹೇಳಿಕೊಂಡಿದ್ದಾರೆ. ಒಂದು ಸಂಗೀತ ಯುವಜನರನ್ನು ಏನು ಮಾಡಿತು ಎಂದು ತಿಳಿಯಬೇಕಾದರೆ ಅದರೊಂದಿಗೆ ಬೆಳೆದವರನ್ನೇ ಕೇಳುವುದು ಒಳ್ಳೆಯದಲ್ಲವೇ? ಈ ಲೇಖನದಲ್ಲಿ ನಾವು ಆ ಪ್ರಯತ್ನ ಮಾಡಿದ್ದೇವೆ.

ಗಾಥ್ ಎಂದರೇನು?

ಗಾಥರು ಪ್ರಾಚೀನ ಯುರೋಪಿನ ಒಂದು ಜನಾಂಗ. ರೋಮ್ ನಗರವನ್ನು ಕೊಳ್ಳೆ ಹೊಡೆದವರು ಎಂಬ ಕಾರಣಕ್ಕೆ ಅವರ ಹೆಸರು 'ಅನಾಗರಿಕ' ಎಂಬ ಅರ್ಥ ಪಡೆಯಿತು. ಮುಂದೆ ಇಟಲಿಯ ನವೋದಯ ಕಾಲದ ವಿದ್ವಾಂಸರು ಮಧ್ಯಯುಗದ ಚೂಪು ಕಮಾನುಗಳ ಇಗರ್ಜಿಗಳನ್ನು ಹೀಗಳೆಯಲು ಅದೇ ಪದವನ್ನು ಬಳಸಿದರು. ಬೈಗುಳವಾಗಿ ಬಂದ ಹೆಸರು ಆಮೇಲೆ ಗೌರವದ ಹೆಸರಾಯಿತು. ಮೈಸೂರಿನ ಸಂತ ಫಿಲೋಮಿನಾ ಮಹಾದೇವಾಲಯವನ್ನು ನೋಡಿದವರಿಗೆ ಈ ಗಾಥಿಕ್ ಶೈಲಿಯ ಪರಿಚಯ ಇದ್ದೇ ಇದೆ. 18ನೇ ಶತಮಾನದಲ್ಲಿ ಪಾಳುಕೋಟೆ, ಸಮಾಧಿ, ಪ್ರೇತಗಳ ಕಥೆ ಹೇಳುವ ಇಂಗ್ಲಿಷ್ ಕಾದಂಬರಿಗಳಿಗೂ ಇದೇ ಹೆಸರು ಬಂತು. ಅಲ್ಲಿಂದ ಅದು ಸಂಗೀತಕ್ಕೆ ಇಳಿಯಿತು.

1979ರಲ್ಲಿ ಇಂಗ್ಲೆಂಡಿನ ನಾರ್ತಾಂಪ್ಟನ್‌ನ 'ಬೌಹೌಸ್' ತಂಡ ಹಳೆಯ ಡ್ರಾಕುಲಾ ಚಿತ್ರದ ನಟ ಬೆಲಾ ಲುಗೋಸಿಯ ಹೆಸರಿನಲ್ಲಿ ಒಂಬತ್ತು ನಿಮಿಷಗಳ ಹಾಡನ್ನು ಹೊರತಂದಿತು. ಗಾಥ್ ಸಂಗೀತದ ಆರಂಭವೆಂದು ಹೆಚ್ಚಿನವರು ಗುರುತಿಸುವುದು ಇದನ್ನೇ. 'ಸೂಕ್ಸಿ ಅಂಡ್ ದ ಬ್ಯಾನ್‌ಶೀಸ್', 'ದ ಕ್ಯೂರ್', ಲೀಡ್ಸ್ ನಗರದ 'ದ ಸಿಸ್ಟರ್ಸ್ ಆಫ್ ಮರ್ಸಿ' ತಂಡಗಳು ಇದೇ ಕಾಲದವು. 1982ರಲ್ಲಿ ಲಂಡನ್ನಿನಲ್ಲಿ ತೆರೆದ 'ಬ್ಯಾಟ್‌ಕೇವ್' ಕ್ಲಬ್ಬು ಈ ಹುಡುಗರ ಕೂಟಸ್ಥಾನವಾಯಿತು. ಮುಂದೆ ಬಂದು ನುಡಿಯುವ ಬೇಸ್ ಗಿಟಾರ್, ಗುಹೆಯಲ್ಲಿ ಪ್ರತಿಧ್ವನಿಸಿದಂತೆ ಕೇಳುವ ಗಿಟಾರ್, ತಗ್ಗಿದ ಕಂಠ, ದುಃಖದ ಛಾಯೆಯ ಸ್ವರಗಳು ಅದರ ಲಕ್ಷಣ.

ಇಲ್ಲಿ ನಾವು ಗಮನಿಸಬೇಕಾದ ಒಂದು ವಿಷಯವಿದೆ. 'ದ ಕ್ಯೂರ್' ತಂಡದ ರಾಬರ್ಟ್ ಸ್ಮಿತ್ ಕಥೋಲಿಕ ಮನೆಯಲ್ಲಿ ಬೆಳೆದು ಕಥೋಲಿಕ ಶಾಲೆಗಳಲ್ಲಿ ಓದಿದವರು. 'ಬೌಹೌಸ್'ನ ಗಾಯಕ ಪೀಟರ್ ಮರ್ಫಿಯ ಬಾಲ್ಯವೂ ಕಥೋಲಿಕ ಕುಟುಂಬದ್ದೇ. ಮೇಣದ ಬತ್ತಿ, ಶಿಲುಬೆ, ಶೋಕದ ಕಪ್ಪು ಎಲ್ಲವೂ ಅವರು ಚಿಕ್ಕಂದಿನಿಂದ ಕಂಡ ಪ್ರಪಂಚಕ್ಕೆ ಸೇರಿದ್ದವು.

ಯಂತ್ರದ ಸ್ವರ

ಇದೇ ಕಾಲದಲ್ಲಿ ಬೆಳೆದ ಇನ್ನೊಂದು ಕವಲು ಇಲೆಕ್ಟ್ರಾನಿಕ್ ಸಂಗೀತ. ನಮ್ಮ ಹಾರ್ಮೋನಿಯಂನಲ್ಲಿ ತಿದಿ ಒತ್ತಿದಾಗ ಗಾಳಿ ಹಾದು ಲೋಹದ ನಾಲಗೆ ಕಂಪಿಸುತ್ತದೆ, ಸ್ವರ ಹುಟ್ಟುತ್ತದೆ. ಸಿಂಥಸೈಸರ್‌ನಲ್ಲಿ ಗಾಳಿಯೂ ಇಲ್ಲ, ನಾಲಗೆಯೂ ಇಲ್ಲ. ವಿದ್ಯುತ್ ಮಂಡಲವೇ ಕಂಪನವನ್ನು ಉಂಟುಮಾಡುತ್ತದೆ. ಅದರಲ್ಲಿನ ಬೇಡದ ಅಂಶಗಳನ್ನು ಸೋಸಿ, ಏರಿಳಿತ ಕೊಟ್ಟು, ಧ್ವನಿವರ್ಧಕದ ಮೂಲಕ ಹೊರಬಿಡಲಾಗುತ್ತದೆ. 'ಸ್ಯಾಂಪ್ಲರ್' ಎಂಬ ಯಂತ್ರವಾದರೋ ಕಬ್ಬಿಣದ ಪೈಪಿಗೆ ಬಡಿದ ಸದ್ದನ್ನೂ ಮುದ್ರಿಸಿಕೊಂಡು ಕೀಲಿಮಣೆಯಲ್ಲಿ ನುಡಿಸಲು ಕೊಡುತ್ತದೆ. ಡ್ರಮ್ ಬಾರಿಸುವವನ ಬದಲಿಗೂ ಯಂತ್ರ ಬಂತು. 'ಸಿಸ್ಟರ್ಸ್ ಆಫ್ ಮರ್ಸಿ' ತಂಡ ತನ್ನ ಡ್ರಮ್ ಯಂತ್ರಕ್ಕೆ 'ಡಾಕ್ಟರ್ ಅವಲಾಂಚ್' ಎಂದು ನಾಮಕರಣ ಮಾಡಿ ಅದನ್ನೂ ತಂಡದ ಸದಸ್ಯನೆಂದೇ ಪರಿಗಣಿಸಿತು!

ಜರ್ಮನಿಯ 'ಕ್ರಾಫ್ಟ್‌ವರ್ಕ್' ತಂಡ 1970ರ ದಶಕದಲ್ಲಿ ತೋರಿಸಿದ ಈ ದಾರಿಯಲ್ಲಿ 1980ರಲ್ಲಿ ಇಂಗ್ಲೆಂಡಿನ ಬಾಸಿಲ್ಡನ್ ಎಂಬ ಊರಿನ ನಾಲ್ವರು ಹುಡುಗರು ಹೊರಟರು. ಅವರ ತಂಡವೇ 'ಡಿಪೆಶ್ ಮೋಡ್'. ಬಾಸಿಲ್ಡನ್ ಎರಡನೇ ಮಹಾಯುದ್ಧದ ನಂತರ ಲಂಡನ್ನಿನ ಕಾರ್ಮಿಕ ಕುಟುಂಬಗಳಿಗಾಗಿ ಯೋಜಿಸಿ ಕಟ್ಟಿದ ಊರು. ತಂಡದ ವಿನ್ಸ್ ಕ್ಲಾರ್ಕ್ ಮತ್ತು ಆಂಡಿ ಫ್ಲೆಚರ್ ಪರಸ್ಪರ ಪರಿಚಯವಾದದ್ದು ಅಲ್ಲಿನ 'ಬಾಯ್ಸ್ ಬ್ರಿಗೇಡ್' ಎಂಬ ಕ್ರೈಸ್ತ ಬಾಲಕರ ಸಂಘದಲ್ಲಿ.

ಗೋಡೆಯ ಆಚೆಗಿನ ಅಭಿಮಾನಿಗಳು

ಈ ಸಂಗೀತವನ್ನು ಅತ್ಯಂತ ಕಷ್ಟಪಟ್ಟು ಕೇಳಿದವರು ಬಹುಶಃ ಅಂದಿನ ಪೂರ್ವ ಜರ್ಮನಿಯ ಮಕ್ಕಳು. ಕಮ್ಯುನಿಸ್ಟ್ ಆಡಳಿತದ ಆ ದೇಶದಲ್ಲಿ ಪಾಶ್ಚಾತ್ಯ ತಂಡಗಳ ರೆಕಾರ್ಡುಗಳು ಅಂಗಡಿಯಲ್ಲಿ ಸಿಗುವುದೇ ಅಪರೂಪ. ಹಾಗಾಗಿ ಅಲ್ಲಿ ಬೆಳೆದವರ ನೆನಪುಗಳ ಕೇಂದ್ರದಲ್ಲಿ ಇರುವುದು ರೇಡಿಯೊ ಮತ್ತು ಕ್ಯಾಸೆಟ್. ಸರಕಾರದ್ದೇ ಆದ 'ಡಿಟಿ 64' ಎಂಬ ಯುವಜನರ ಬಾನುಲಿಯಲ್ಲಿ ಇಡೀ ಆಲ್ಬಮ್ಮುಗಳನ್ನು ಮುದ್ರಿಸಿಕೊಳ್ಳಲೆಂದೇ ಪ್ರಸಾರ ಮಾಡುವ ಕಾರ್ಯಕ್ರಮವಿತ್ತು. ಒಂದು ಖಾಲಿ ಕ್ಯಾಸೆಟ್ಟಿಗೆ ಸುಮಾರು 20 ಮಾರ್ಕ್ ಬೆಲೆ. ಶಾಲಾ ಮಕ್ಕಳಿಗೆ ಅದು ದೊಡ್ಡ ಮೊತ್ತ. ಮುದ್ರಿಸಿದ ಕ್ಯಾಸೆಟ್ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋಗಿ, ನಕಲಿನ ನಕಲಾಗಿ, ಕೊನೆಗೆ ಹಾಡಿಗಿಂತ ಕರಕರ ಸದ್ದೇ ಹೆಚ್ಚು ಎಂಬಂತಾಗುತ್ತಿತ್ತು.

ಆ ದೇಶದಿಂದ ಪಶ್ಚಿಮಕ್ಕೆ ಸುಲಭವಾಗಿ ಹೋಗಿಬರಲು ಅನುಮತಿ ಇದ್ದದ್ದು ನಿವೃತ್ತರಿಗೆ. ಆದ್ದರಿಂದ ಈ ನೆನಪುಗಳಲ್ಲಿ ಅಜ್ಜಿಯಂದಿರಿಗೆ ವಿಶೇಷ ಸ್ಥಾನವಿದೆ. ಮೊಮ್ಮಕ್ಕಳಿಗಾಗಿ ಪಶ್ಚಿಮ ಜರ್ಮನಿಯ 'ಬ್ರಾವೊ' ಪತ್ರಿಕೆಯನ್ನು, ಅದೃಷ್ಟವಿದ್ದರೆ ಒಂದು ರೆಕಾರ್ಡನ್ನು ಚೀಲದಲ್ಲಿ ಅಡಗಿಸಿ ತರುತ್ತಿದ್ದವರು ಅವರೇ. ಪತ್ರಿಕೆಯ ಚಿತ್ರವನ್ನು ಕ್ಯಾಮರಾದಲ್ಲಿ ತೆಗೆದು ಪ್ರತಿ ಮಾಡಿ ಗೆಳೆಯರಿಗೆ ಹಂಚುತ್ತಿದ್ದರು. ಕಪ್ಪು ಬಟ್ಟೆ ಸಿಗದೆ ಹಳೆಯ ಬಟ್ಟೆಗೆ ಮನೆಯಲ್ಲೇ ಬಣ್ಣ ಹಾಕಿದ್ದು, ತಲೆಗೂದಲನ್ನು ಸಕ್ಕರೆ ನೀರು ಹಚ್ಚಿ ನೆಟ್ಟಗೆ ನಿಲ್ಲಿಸಿದ್ದು ಇಂದಿಗೂ ಅವರು ನಗುತ್ತ ಹೇಳುವ ಕಥೆಗಳು.

ಆದರೆ ಅಂದು ಅದು ನಗುವ ವಿಷಯವಾಗಿರಲಿಲ್ಲ. 'ಗ್ರುಫ್ಟಿ' ಎಂದು ಕರೆಯಲ್ಪಡುತ್ತಿದ್ದ ಕಪ್ಪು ಉಡುಪಿನ ಈ ಹುಡುಗರ ಮೇಲೆ 'ಸ್ಟಾಸಿ' ಗುಪ್ತಚರ ಇಲಾಖೆ ಕಣ್ಣಿಟ್ಟಿತ್ತು. ಅವರ ಕೇಶವಿನ್ಯಾಸ, ಉಡುಪು, ಕೇಳುವ ಹಾಡು, ಸೇರುವ ಜಾಗ ಎಲ್ಲವನ್ನೂ ಅದು ಪಟ್ಟಿ ಮಾಡಿತು. ಸ್ಮಶಾನದಲ್ಲಿ ಕುಳಿತು ಮಾತಾಡುವ ಹದಿಹರೆಯದವರು ಒಂದು ರಾಷ್ಟ್ರದ ಭದ್ರತೆಯ ಪ್ರಶ್ನೆಯಾದರು!

1987ರ ಜೂನ್‌ನಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಗೋಡೆಯ ಪಕ್ಕದಲ್ಲೇ ದೊಡ್ಡ ಸಂಗೀತ ಕಾರ್ಯಕ್ರಮಗಳು ನಡೆದಾಗ, ಗೋಡೆಯ ಈಚೆ ನಿಂತು ಕೇಳಲು ಬಂದ ಪೂರ್ವದ ಯುವಜನರಿಗೂ ಪೊಲೀಸರಿಗೂ ಘರ್ಷಣೆಯಾಯಿತು. ಯುವಜನರ ಅಸಮಾಧಾನವನ್ನು ತಣಿಸಲು ಸರಕಾರ ತಾನೇ ಕೆಲವು ಪಾಶ್ಚಾತ್ಯ ಕಲಾವಿದರನ್ನು ಕರೆಸತೊಡಗಿತು. ಹೀಗೆ 1988ರ ಮಾರ್ಚ್ 7ರಂದು ಪೂರ್ವ ಬರ್ಲಿನ್‌ನ ವೆರ್ನರ್ ಸೀಲೆನ್‌ಬಿಂಡರ್ ಸಭಾಂಗಣದಲ್ಲಿ 'ಡಿಪೆಶ್ ಮೋಡ್' ಹಾಡಿತು. ಹೆಸರಿಗೆ ಅದು ಸರಕಾರಿ ಯುವಜನ ಸಂಘದ ಹುಟ್ಟುಹಬ್ಬದ ಕಾರ್ಯಕ್ರಮ. ಟಿಕೇಟುಗಳನ್ನು ಹಂಚಿದ್ದೂ ಸಂಘವೇ. ಸಾವಿರಾರು ಮಂದಿ ಒಳಗೆ, ಟಿಕೇಟು ಸಿಗದವರು ಹೊರಗೆ ಚಳಿಯಲ್ಲಿ. ಅಂದು ಒಳಗಿದ್ದವರೂ ಹೊರಗಿದ್ದವರೂ ಆ ದಿನವನ್ನು ಮರೆತಿಲ್ಲ. ಮುಂದಿನ ವರ್ಷದ ನವೆಂಬರ್ 9ರಂದು ಬರ್ಲಿನ್ ಗೋಡೆಯೇ ತೆರೆಯಿತು.

ಈ ತಂಡದ ಅಭಿಮಾನಿಗಳ ನೆನಪುಗಳನ್ನು ಜೆರೆಮಿ ಡೆಲ್ಲರ್ ಮತ್ತು ನಿಕೊಲಸ್ ಅಬ್ರಹಾಮ್ಸ್ ಎಂಬ ಬ್ರಿಟಿಷ್ ನಿರ್ದೇಶಕರು ಒಂದು ಸಾಕ್ಷ್ಯಚಿತ್ರದಲ್ಲಿ ಸಂಗ್ರಹಿಸಿದ್ದಾರೆ. ಅದರಲ್ಲಿ ಮಾಸ್ಕೋದ ಅಭಿಮಾನಿಗಳೂ ಇದ್ದಾರೆ. ಗಾಯಕ ಡೇವ್ ಗಹಾನ್ ಹುಟ್ಟಿದ ದಿನ ಮೇ 9. ರಷ್ಯಾದಲ್ಲಿ ಅದೇ ದಿನ ಮಹಾಯುದ್ಧದ ವಿಜಯೋತ್ಸವ. ಅತ್ತ ಸೈನಿಕರ ಪಥಸಂಚಲನ, ಇತ್ತ ಹಾಡಿನ ಮೆರವಣಿಗೆ.

ಬಾಗಿಲು ತೆರೆದ ಇಗರ್ಜಿಗಳು

ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವವರು ತಿಳಿಯಬೇಕಾದ ಭಾಗ ಇದು. ಪೂರ್ವ ಜರ್ಮನಿಯಲ್ಲಿ ಸರಕಾರದ ಅಂಕೆಗೆ ಪೂರ್ಣವಾಗಿ ಒಳಪಡದೆ ಜನ ಸೇರಬಹುದಾಗಿದ್ದ ಜಾಗ ಬಹುಮಟ್ಟಿಗೆ ಇಗರ್ಜಿಯೊಂದೇ. ಅಲ್ಲಿನ ಕೆಲವು ಪ್ರೊಟೆಸ್ಟೆಂಟ್ ಪಾದ್ರಿಗಳು, ಶಾಲೆಗೂ ಸರಕಾರಿ ಸಂಘಕ್ಕೂ ಬೇಡವಾಗಿದ್ದ ಯುವಜನರಿಗೆ ಬಾಗಿಲು ತೆರೆದರು. ಬರ್ಲಿನ್‌ನಲ್ಲಿ ಪಾದ್ರಿ ರೈನರ್ ಎಪೆಲ್‌ಮಾನ್ 1979ರಿಂದ 1986ರವರೆಗೆ 'ಬ್ಲೂಸ್ ಆರಾಧನೆ'ಗಳನ್ನು ನಡೆಸಿದರು. ಆರಂಭದಲ್ಲಿ ಬಂದವರು ಕೆಲವು ನೂರು, ಆಮೇಲೆ ಸಾವಿರಾರು. ಉದ್ದಗೂದಲಿನವರು ಬಂದರು, ಕೂದಲಿಗೆ ಬಣ್ಣ ಬಳಿದ 'ಪಂಕ್' ಹುಡುಗರೂ ಬಂದರು. ಇತರ ಊರುಗಳ ಕೆಲವು ಇಗರ್ಜಿಗಳಲ್ಲಿ ಪಂಕ್ ತಂಡಗಳು ಹಾಡಿದವು.

ಸಭೆಯೊಳಗೆ ಇದಕ್ಕೆ ವಿರೋಧವಿರಲಿಲ್ಲವೆಂದಲ್ಲ. ಬೆಂಚುಗಳು ಹಾಳಾಗುತ್ತವೆ, ಸಿಗರೇಟು ಸೇದುತ್ತಾರೆ, ಇವರಿಗೆ ವಿಶ್ವಾಸವೇ ಇಲ್ಲ ಎಂಬ ದೂರುಗಳು ಎಲ್ಲ ಕಾಲದಲ್ಲೂ ಇರುವಂಥವೇ. ಆ ಯುವಜನರೆಲ್ಲ ದೀಕ್ಷಾಸ್ನಾನ ಪಡೆದರು ಎಂದು ಹೇಳುವಂತೆಯೂ ಇಲ್ಲ. ಆದರೆ ತಮ್ಮ ಉಡುಪನ್ನು ನೋಡಿ ಓಡಿಸದ ಒಂದು ಜಾಗವಿತ್ತೆಂಬುದನ್ನು ಅವರು ನೆನಪಿಟ್ಟುಕೊಂಡರು. 1982ರಿಂದ ಲೈಪ್ಜಿಗ್‌ನ ಸಂತ ನಿಕೊಲಸ್ ಇಗರ್ಜಿಯಲ್ಲಿ ಪ್ರತಿ ಸೋಮವಾರ ನಡೆಯುತ್ತಿದ್ದ ಶಾಂತಿ ಪ್ರಾರ್ಥನೆಯೂ ಇಂತಹ ತೆರೆದ ಬಾಗಿಲಿನ ಫಲವೇ. 1989ರ ಅಕ್ಟೋಬರ್ 9ರಂದು ಆ ಪ್ರಾರ್ಥನೆಯ ನಂತರ ಸುಮಾರು 70 ಸಾವಿರ ಜನ ಮೇಣದ ಬತ್ತಿ ಹಿಡಿದು ಬೀದಿಗಿಳಿದರು. ಗುಂಡು ಹಾರಲಿಲ್ಲ.

ಪಂಚಾಶತ್ತಮ ಹಬ್ಬದ ಕಪ್ಪು ಜಾತ್ರೆ

ಅದೇ ಲೈಪ್ಜಿಗ್ ನಗರದಲ್ಲಿ 1992ರಿಂದ ಗಾಥ್ ಅಭಿಮಾನಿಗಳ ಸಮ್ಮೇಳನ ನಡೆಯುತ್ತಿದೆ. ಅದು ನಡೆಯುವುದು ಪಂಚಾಶತ್ತಮ ಹಬ್ಬದ ರಜೆಯ ದಿನಗಳಲ್ಲಿ ಎಂಬುದು ನಮ್ಮ ಓದುಗರಿಗೆ ಕುತೂಹಲವೆನಿಸಬಹುದು. ಮೊದಲ ವರ್ಷ ಸುಮಾರು ಎರಡು ಸಾವಿರ ಜನ ಸೇರಿದ್ದರೆ, ನಂತರದ ವರ್ಷಗಳಲ್ಲಿ ಆ ಸಂಖ್ಯೆ 20 ಸಾವಿರದಷ್ಟಾಯಿತು. ಕೊರೋನಾ ಕಾರಣದಿಂದ 2020 ಮತ್ತು 2021ರಲ್ಲಿ ನಿಂತಿದ್ದ ಸಮ್ಮೇಳನ 2022ರಲ್ಲಿ ಮತ್ತೆ ನಡೆಯಿತು.

2000ನೇ ಇಸವಿಯಲ್ಲಿ ಸಮ್ಮೇಳನದ ನಡುವೆಯೇ ಸಂಘಟಕರ ಹಣ ಬರಿದಾಯಿತು. ಸಂಬಳವಿಲ್ಲದೆ ಭದ್ರತಾ ಸಿಬ್ಬಂದಿ, ತಂತ್ರಜ್ಞರು ಕೆಲಸ ಬಿಟ್ಟರು. ಸಾವಿರಾರು ಜನ ಸೇರಿದ ಮೈದಾನ, ಕೇಳುವವರಿಲ್ಲ. ಏನೂ ಆಗಬಹುದಿತ್ತು. ಆದರೆ ಕೆಲವು ತಂಡಗಳು ಹಣ ಪಡೆಯದೆ ಹಾಡಿದವು, ಅಭಿಮಾನಿಗಳು ತಾವೇ ಮುಂದೆ ಬಂದು ನೆರವಾದರು, ಸಮ್ಮೇಳನ ಶಾಂತವಾಗಿ ಮುಗಿಯಿತು. ನೋಡಲು ಭಯ ಹುಟ್ಟಿಸುವ ಈ ಜನರ ನಡತೆ ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ.

ಇಂದು ಅಲ್ಲಿಗೆ ಬರುವವರಲ್ಲಿ ನರೆಗೂದಲಿನವರೂ ಇದ್ದಾರೆ, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿ ತರುವವರೂ ಇದ್ದಾರೆ. ಗಾಥ್ ಸಮುದಾಯದ ಬಗ್ಗೆ 2002ರಲ್ಲಿ ಪುಸ್ತಕ ಬರೆದ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಪಾಲ್ ಹಾಡ್ಕಿನ್ಸನ್, ಆಮೇಲೆ ಅವರ ನಡುವಯಸ್ಸನ್ನೂ ಅಧ್ಯಯನ ಮಾಡಿದರು. ಉದ್ಯೋಗ, ಮನೆ, ಮಕ್ಕಳು ಬಂದ ಮೇಲೂ ಅವರಲ್ಲಿ ಹಲವರು ಗೆಳೆತನವನ್ನು ಬಿಟ್ಟಿರಲಿಲ್ಲ. ಉಡುಪಿನ ಅಬ್ಬರ ಮಾತ್ರ ತುಸು ಇಳಿದಿತ್ತು.

ಇದು ಸೈತಾನನ ಆರಾಧನೆಯೇ?

ನೇರವಾಗಿ ಹೇಳುವುದಾದರೆ, ಅಲ್ಲ. ಈ ಗುಂಪಿನಲ್ಲಿ ದೇವರನ್ನು ನಂಬುವವರೂ ನಂಬದವರೂ ಇದ್ದಾರೆ. ಧರ್ಮದ ಚಿಹ್ನೆಗಳನ್ನು ಅಲಂಕಾರಕ್ಕೆ ಬಳಸುವವರು, ಕೆಣಕಲೆಂದೇ ಬಳಸುವವರೂ ಉಂಟು. ಅದು ನಮಗೆ ನೋವು ತರುವುದು ಸಹಜ. ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

'ಡಿಪೆಶ್ ಮೋಡ್'ನ ಎರಡು ಹಾಡುಗಳನ್ನು ನೋಡೋಣ. 1984ರ 'ಬ್ಲಾಸ್ಫೆಮಸ್ ರೂಮರ್ಸ್' ಹೆಸರಿನಿಂದಲೇ ಆಕ್ಷೇಪಕ್ಕೆ ಗುರಿಯಾಯಿತು. ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದ ಹುಡುಗಿ, ವಿಶ್ವಾಸ ಕಂಡುಕೊಂಡ ಮೇಲೆ ಅಪಘಾತದಲ್ಲಿ ಸಾಯುತ್ತಾಳೆ. ದೇವರೇ, ಇದೇನು ನಿನ್ನ ಆಟ ಎಂದು ಹಾಡು ದೂರುತ್ತದೆ. ಆ ದೂರಿನ ಉತ್ತರ ನಮಗೆ ಒಪ್ಪಿಗೆಯಾಗದಿರಬಹುದು, ಆದರೆ ಪ್ರಶ್ನೆ ಹೊಸದಲ್ಲ. ಯೋಬನು ಕೇಳಿದ್ದೂ ಅದನ್ನೇ. 88ನೇ ಕೀರ್ತನೆ ಯಾವ ಸಮಾಧಾನವನ್ನೂ ಸೇರಿಸದೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಆದರೂ ನಾವು ಅದನ್ನು ಪ್ರಾರ್ಥನೆಯೆಂದೇ ಪಠಿಸುತ್ತೇವೆ. 1989ರ 'ಪರ್ಸನಲ್ ಜೀಸಸ್' ಹಾಡು ಎಲ್ವಿಸ್ ಪ್ರೆಸ್ಲಿಯ ಪತ್ನಿಯಾಗಿದ್ದ ಪ್ರಿಸಿಲ್ಲಾ ಬರೆದ ಪುಸ್ತಕದಿಂದ ಹುಟ್ಟಿತೆಂದು ರಚನೆಕಾರ ಮಾರ್ಟಿನ್ ಗೋರ್ ಹೇಳಿದ್ದಾರೆ. ಒಬ್ಬ ಮನುಷ್ಯ ಇನ್ನೊಬ್ಬರಿಗೆ ದೇವರಂತಾಗಿಬಿಡುವುದು ಅದರ ವಿಷಯ. 2002ರಲ್ಲಿ ವಿಶ್ವಾಸಿ ಕ್ರೈಸ್ತ ಗಾಯಕ ಜಾನಿ ಕ್ಯಾಶ್ ಅದೇ ಹಾಡನ್ನು ಭಕ್ತಿಗೀತೆಯಂತೆ ಹಾಡಿದರು.

2022ರ ಮೇ ತಿಂಗಳಲ್ಲಿ ಆಂಡಿ ಫ್ಲೆಚರ್ ನಿಧನರಾದರು. ಮರುವರ್ಷ ತಂಡ ಹೊರತಂದ ಆಲ್ಬಮ್ಮಿನ ಹೆಸರು 'ಮೆಮೆಂಟೊ ಮೋರಿ'. ಸಾಯಲಿಕ್ಕಿದೆ ಎಂಬುದನ್ನು ನೆನಪಿಡು ಎಂದು ಆ ಲತೀನ್ ಮಾತಿನ ಅರ್ಥ. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ನಮಗೆ ಇದು ಅಪರಿಚಿತ ವಿಚಾರವೇ?

ಉಡುಪಿಗಾಗಿ ಒಂದು ಜೀವ

ತಪ್ಪು ತಿಳುವಳಿಕೆಗೆ ಕೆಲವೊಮ್ಮೆ ಭಾರೀ ಬೆಲೆ ತೆರಬೇಕಾಗುತ್ತದೆ. 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ 13 ಮಂದಿಯನ್ನು ಕೊಂದಾಗ ಮಾಧ್ಯಮಗಳು ಗಾಥ್ ಸಂಗೀತದ ಕಡೆ ಬೆರಳು ತೋರಿಸಿದವು. ಕೊಲೆಗಾರರು ಆ ಗುಂಪಿಗೆ ಸೇರಿದವರಲ್ಲ ಎಂದು ಆಮೇಲೆ ತಿಳಿದುಬಂದರೂ ಕಳಂಕ ಉಳಿಯಿತು. ಕಪ್ಪು ಬಟ್ಟೆ ಹಾಕುವ ಮಕ್ಕಳು ಹಲವು ಕಡೆ ಸಂಶಯದ ಕಣ್ಣಿಗೆ ಬಿದ್ದರು.

2007ರ ಆಗಸ್ಟ್ 11ರಂದು ಇಂಗ್ಲೆಂಡಿನ ಲ್ಯಾಂಕಾಶೈರ್ ಜಿಲ್ಲೆಯ ಬೇಕಪ್ ಎಂಬ ಊರಿನ ಉದ್ಯಾನದಲ್ಲಿ 20 ವರ್ಷದ ಸೋಫಿ ಲ್ಯಾಂಕಾಸ್ಟರ್ ತನ್ನ ಗೆಳೆಯನೊಂದಿಗಿದ್ದಳು. ಇಬ್ಬರದೂ ಗಾಥ್ ಉಡುಪು. ಹದಿಹರೆಯದ ಹುಡುಗರ ಗುಂಪೊಂದು ಗೆಳೆಯನ ಮೇಲೆರಗಿತು. ಕೆಳಗೆ ಬಿದ್ದವನ ತಲೆಯನ್ನು ಮಡಿಲಲ್ಲಿಟ್ಟು ಕಾಪಾಡಲು ಯತ್ನಿಸಿದ ಸೋಫಿಯನ್ನೂ ಅವರು ತುಳಿದರು. ಹದಿಮೂರು ದಿನಗಳ ನಂತರ ಆಕೆ ತೀರಿಕೊಂಡಳು. ಕೊಲೆ ಅಪರಾಧಕ್ಕಾಗಿ ಇಬ್ಬರಿಗೆ 2008ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ಹುಡುಗಿಯ ತಪ್ಪೇನು? ಬೇರೆಯಾಗಿ ಕಂಡದ್ದು, ಅಷ್ಟೇ.

ಆಕೆಯ ತಾಯಿ ಸಿಲ್ವಿಯಾ ಮಗಳ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಸ್ಥಾಪಿಸಿ, 2022ರಲ್ಲಿ ತಾವು ತೀರಿಕೊಳ್ಳುವವರೆಗೂ ಶಾಲೆಶಾಲೆಗೆ ಹೋಗಿ ಮಕ್ಕಳೊಡನೆ ಮಾತಾಡಿದರು. ಅವರ ಶ್ರಮದ ಫಲವಾಗಿ 2013ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಇಂತಹ ಗುಂಪುಗಳ ಮೇಲಿನ ಹಲ್ಲೆಗಳನ್ನು ದ್ವೇಷಾಪರಾಧಗಳಾಗಿ ದಾಖಲಿಸತೊಡಗಿದರು. ಮಗಳನ್ನು ಕಳೆದುಕೊಂಡ ತಾಯಿ ಸೇಡಿನ ಮಾತಾಡದೆ ತಿಳುವಳಿಕೆಯ ಮಾತಾಡಿದ್ದು ದೊಡ್ಡ ಸಾಕ್ಷ್ಯವೆಂದು ನಾವು ಭಾವಿಸುತ್ತೇವೆ.

ಹೆತ್ತವರಿಗೆ ಮತ್ತು ಯುವಜನ ನಿರ್ದೇಶಕರಿಗೆ

ಹಾಗೆಂದು ಆತಂಕಕ್ಕೆ ಕಾರಣವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದ ಮಕ್ಕಳ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 15ನೇ ವಯಸ್ಸಿನಲ್ಲಿ ತಮ್ಮನ್ನು ಗಾಥ್ ಎಂದು ಬಲವಾಗಿ ಗುರುತಿಸಿಕೊಂಡವರಲ್ಲಿ 18ರ ವೇಳೆಗೆ ಖಿನ್ನತೆ ಮತ್ತು ಸ್ವಯಂ ಗಾಯ ಮಾಡಿಕೊಳ್ಳುವ ಪ್ರವೃತ್ತಿ ಇತರರಿಗಿಂತ ಹೆಚ್ಚು ಕಂಡುಬಂತು. ಆದರೆ ಸಂಗೀತವೇ ಇದಕ್ಕೆ ಕಾರಣ ಎಂದು ಸಂಶೋಧಕರು ಹೇಳಲಿಲ್ಲ. ಮೊದಲೇ ನೊಂದಿರುವ, ಗೇಲಿಗೆ ಗುರಿಯಾಗಿರುವ ಮಕ್ಕಳು ತಮ್ಮಂಥವರನ್ನು ಹುಡುಕಿಕೊಂಡು ಅಲ್ಲಿಗೆ ಹೋಗಿರಬಹುದು. ಜ್ವರ ಬಂದವನು ಕಂಬಳಿ ಹೊದೆಯುತ್ತಾನೆ. ಕಂಬಳಿಯಿಂದ ಜ್ವರ ಬಂತು ಎನ್ನಲಾದೀತೇ? ಕಂಬಳಿ ಕಿತ್ತುಕೊಂಡರೆ ಜ್ವರ ಇಳಿಯುವುದಿಲ್ಲ.

ಆದ್ದರಿಂದ ನಮ್ಮ ಸಲಹೆಗಳು ಸರಳವಾಗಿವೆ.

1. ಪೋಸ್ಟರ್ ಹರಿಯುವ ಮೊದಲು ಮಗುವಿನ ಜೊತೆ ಕುಳಿತು ಒಂದು ಹಾಡನ್ನು ಪೂರ್ತಿ ಕೇಳಿ. ಇದರಲ್ಲಿ ನಿನಗೆ ಇಷ್ಟವಾದದ್ದು ಏನು ಎಂದು ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರಿ.

2. ಬಟ್ಟೆಯ ಬಣ್ಣಕ್ಕಿಂತ ನಡವಳಿಕೆಯ ಬದಲಾವಣೆಯನ್ನು ಗಮನಿಸಿ. ಊಟ ಬಿಡುವುದು, ನಿದ್ರೆಗೆಡುವುದು, ಗೆಳೆಯರಿಂದ ದೂರವಾಗುವುದು, ಕೈಮೇಲೆ ಗಾಯದ ಗುರುತು, ಸಾಯುವ ಮಾತು ಕಂಡರೆ ತಡಮಾಡದೆ ವೈದ್ಯರ ನೆರವು ಪಡೆಯಿರಿ. ಸರಕಾರದ 'ಟೆಲಿ ಮಾನಸ್' ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.

3. ವಿಚಿತ್ರವಾಗಿ ಕಾಣುವ ಹುಡುಗನನ್ನು ಯುವಜನ ಸಂಘದಿಂದ, ಗಾಯನ ಮಂಡಳಿಯಿಂದ ದೂರವಿಡಬೇಡಿ. ಕೀಬೋರ್ಡ್ ಮತ್ತು ಧ್ವನಿವ್ಯವಸ್ಥೆಯ ಬಗ್ಗೆ ಅವನಿಗೆ ನಿಮಗಿಂತ ಹೆಚ್ಚು ತಿಳಿದಿರಲೂಬಹುದು.

4. ಅವನ ಬಗ್ಗೆ ವಾಳೆಯಲ್ಲಿ ಗೇಲಿಯ ಮಾತು ಬಂದರೆ ತಡೆಯಿರಿ. ಬೇಕಪ್‌ನಲ್ಲಿ ಸೋಫಿಯನ್ನು ತುಳಿದವರು ಗೇಲಿ ಮಾಡುವುದನ್ನು ಎಲ್ಲಿಂದಲೋ ಕಲಿತಿರಲೇಬೇಕು.

ಇಂಗ್ಲೆಂಡಿನ ಕೇಂಬ್ರಿಜ್ ನಗರದ ಆಂಗ್ಲಿಕನ್ ಇಗರ್ಜಿಯೊಂದರಲ್ಲಿ 2000ರ ದಶಕದ ಮಧ್ಯದಲ್ಲಿ ಗಾಥ್ ಯುವಜನರಿಗಾಗಿಯೇ ಆರಾಧನೆ ಏರ್ಪಡಿಸಿದ್ದುಂಟು. ಅದನ್ನು ಇಲ್ಲಿ ಅನುಕರಿಸಬೇಕೆಂದು ನಾವು ಹೇಳುವುದಿಲ್ಲ. ನಮ್ಮ ಸಂದರ್ಭ ಬೇರೆ. ಆದರೆ ಬಲಿಪೂಜೆಯ ಹೊತ್ತಿನಲ್ಲಿ ಕೊನೆಯ ಬೆಂಚಿನ ಹಿಂದೆ, ಬಾಗಿಲಿನ ಪಕ್ಕದಲ್ಲಿ ಕಪ್ಪು ಅಂಗಿ ತೊಟ್ಟು ನಿಂತಿರುವ ಹುಡುಗನಿಗೆ ಸ್ವಲ್ಪ ಸರಿದು ಕೂರಲು ಜಾಗ ಕೊಡುವುದು ಯಾವ ಧರ್ಮಕೇಂದ್ರಕ್ಕೂ ಕಷ್ಟವಲ್ಲ.